ಬಿಳಿಯ ಚೆಂಡಿನ ದಾರಿ

ಬೇಸಗೆಯ ರಜೆಯ ಮಧ್ಯಾಹ್ನ. ಹೊರಗೆ ಬಿಸಿಲು ಉರಿಯುತ್ತಿರುವಾಗ ಹಜಾರದ ನೆಲದ ಮೇಲೆ ಕೇರಂ ಹಲಗೆಯನ್ನಿಟ್ಟು, ಅದರ ಮೇಲೆ ಪೌಡರನ್ನು ಉದುರಿಸಿ, ನಾಲ್ವರು ಮಕ್ಕಳು ನಾಲ್ಕು ಕಡೆ ಕುಳಿತು ಆಡುವ ದೃಶ್ಯ ಯಾರಿಗೆ ತಾನೆ ಅಪರಿಚಿತ? ಸ್ಟ್ರೈಕರು ಬೆರಳಿನಿಂದ ಚಿಮ್ಮಿ, ಕಾಯಿಗೆ ತಗಲಿ, ಕಾಯಿ ಮೂಲೆಯ ಕುಳಿಯೊಳಗೆ ಬಿದ್ದಾಗ ಆಗುವ ಹಿಗ್ಗು ಸಣ್ಣದಲ್ಲ. ಈ ಆಟದಲ್ಲಿ ಒಂದು ದಯೆಯುಂಟು. ಕಾಯಿ ಬಿದ್ದ ಮೇಲೆ ಸ್ಟ್ರೈಕರನ್ನು ಕೈಯಲ್ಲಿ ಎತ್ತಿಕೊಂಡು ತನ್ನ ಗೆರೆಯ ಮೇಲೆ ಬೇಕಾದ ಕಡೆ ಇಟ್ಟುಕೊಳ್ಳಬಹುದು. ಹೋದ ಹೊಡೆತ ಹೋಯಿತು. ಬರುವ ಹೊಡೆತ ಹೊಸದು.

ಕೇರಂಗೆ ದೂರದ ನೆಂಟನಂತಿರುವ ಪೂಲ್ ಆಟದಲ್ಲಿ ಈ ದಯೆಯಿಲ್ಲ. ಹಸಿರು ಬಟ್ಟೆ ಹೊದಿಸಿದ ಕಲ್ಲಿನ ಮೇಜು. ಅಂಚಿನಲ್ಲಿ ರಬ್ಬರಿನ ಕುಶನ್. ಮೂಲೆಗಳಲ್ಲಿ ನಾಲ್ಕು, ಉದ್ದದ ಬದಿಗಳ ನಡುವೆ ಎರಡು, ಒಟ್ಟು ಆರು ಪಾಕೆಟ್‌ಗಳು. ದೊಡ್ಡ ಪಂದ್ಯಗಳ ಮೇಜಿನಲ್ಲಿ ಆಡುವ ಜಾಗ 100 ಅಂಗುಲ ಉದ್ದ, 50 ಅಂಗುಲ ಅಗಲವಿರುತ್ತದೆ. ಅದರ ಮೇಲೆ ಅಂಕಿ ಬರೆದ 15 ಬಣ್ಣದ ಚೆಂಡುಗಳು ಮತ್ತು ಅಂಕಿಯಿಲ್ಲದ ಒಂದು ಬಿಳಿಯ ಚೆಂಡು. ಆಟಗಾರನು ಉದ್ದನೆಯ ಕೋಲಿನ ತುದಿಯಿಂದ ಬಿಳಿಯ ಚೆಂಡನ್ನು ಮಾತ್ರ ಹೊಡೆಯಬಹುದು. ಅದು ಹೋಗಿ ಬಣ್ಣದ ಚೆಂಡಿಗೆ ಬಡಿದು ಅದನ್ನು ಪಾಕೆಟ್ಟಿಗೆ ಕಳುಹಿಸಬೇಕು. ಎಂಟರ ಆಟವೆಂಬ ಬಗೆಯಲ್ಲಿ ಒಬ್ಬನಿಗೆ ಪೂರ್ಣ ಬಣ್ಣದ ಏಳು, ಇನ್ನೊಬ್ಬನಿಗೆ ಪಟ್ಟೆಯ ಏಳು. ತನ್ನವೆಲ್ಲ ಬಿದ್ದ ಮೇಲೆ 8 ಎಂದು ಬರೆದ ಕರಿಯ ಚೆಂಡನ್ನು ಬೀಳಿಸಿದವನು ಗೆದ್ದ. ಚೆಂಡು ಬಿದ್ದರೆ ಆಟ ಮುಂದುವರಿಯುತ್ತದೆ. ತಪ್ಪಿದರೆ ಸರದಿ ಎದುರಾಳಿಯದು. ಎದುರಾಳಿ ನಿಯಮ ಮುರಿದ ಹೊರತು ಬಿಳಿಯ ಚೆಂಡನ್ನು ಕೈಯಿಂದ ಮುಟ್ಟುವಂತಿಲ್ಲ. ಅದು ಎಲ್ಲಿ ಹೋಗಿ ನಿಂತಿತೋ ಅಲ್ಲಿಂದಲೇ ಮುಂದಿನ ಹೊಡೆತ. ನೋಡುವವರ ಕಣ್ಣು ಬೀಳುವ ಚೆಂಡಿನ ಮೇಲಿರುತ್ತದೆ. ಆಟವೆಲ್ಲ ಇರುವುದು ನಿಲ್ಲುವ ಚೆಂಡಿನಲ್ಲಿ. ಇದನ್ನು ಹೇಳುವುದು ಸುಲಭ. ಕೈಗೆ ತಂದುಕೊಳ್ಳಲು ಕೆಲವರಿಗೆ ವರ್ಷಗಳು ಬೇಕಾಗುತ್ತವೆ.

ಮೈಸೂರು ಸೀಮೆಯ ಒಂದು ಊರಿನ ಹಳೆಯ ಕ್ಲಬ್ಬಿನಲ್ಲಿ ದೊಡ್ಡ ಬಿಲಿಯರ್ಡ್ಸ್ ಮೇಜಿನ ಪಕ್ಕದಲ್ಲಿ ಆಮೇಲೆ ತಂದು ಹಾಕಿದ ಒಂದು ಪೂಲ್ ಮೇಜೂ ಇತ್ತು. ಬ್ಯಾಂಕಿನಲ್ಲಿ ಮೊದಲ ಕೆಲಸ ಸಿಕ್ಕಿ ಆ ಊರಿಗೆ ಬಂದ ತರುಣನೊಬ್ಬನು ಸಂಜೆಯ ವೇಳೆ ಅಲ್ಲಿಗೆ ಹೋಗತೊಡಗಿದನು. ಬಾಲ್ಯದ ಕೇರಂನಿಂದ ಅವನ ಕಣ್ಣು ಪಳಗಿತ್ತು. ಮೂರು ತಿಂಗಳು ಕಳೆಯುವಷ್ಟರಲ್ಲಿ ಮೇಜಿನ ಆ ತುದಿಯ ಚೆಂಡನ್ನು ಈ ತುದಿಯಿಂದ ರಭಸವಾಗಿ ಹೊಡೆದು ಬೀಳಿಸುವುದನ್ನು ಕಲಿತನು. ಚೆಂಡು ಪಾಕೆಟ್ಟಿನ ಗೋಡೆಗೆ ಬಡಿದು ಸದ್ದು ಮಾಡಿದಾಗ, ಕಾಫಿ ಕುಡಿಯುತ್ತ ಕುಳಿತವರು "ಭಲೇ!" ಎನ್ನುತ್ತಿದ್ದರು. ಆ ಒಂದು "ಭಲೇ" ಅವನಿಗೆ ಮಾಡಿದ ಕೇಡನ್ನು ಯಾವ ಎದುರಾಳಿಯೂ ಮಾಡಿರಲಾರನು.

ಏಕೆಂದರೆ ಆಟವನ್ನು ಮಾತ್ರ ಅವನು ಸೋಲುತ್ತಿದ್ದನು. ನಿವೃತ್ತರಾದ ಓವರ್‌ಸಿಯರ್ ಒಬ್ಬರು ಅಲ್ಲಿಗೆ ದಿನವೂ ಬರುತ್ತಿದ್ದರು. ಅವರು ಎಂದೂ ಜೋರಾಗಿ ಹೊಡೆದವರಲ್ಲ. ಅವರ ಚೆಂಡುಗಳು ದಣಿದು ಮನೆ ಸೇರುವವರಂತೆ ನಿಧಾನವಾಗಿ ಹೋಗಿ ಪಾಕೆಟ್ಟಿನಲ್ಲಿ ಬೀಳುತ್ತಿದ್ದವು. ಅವರಿಗೆ ಯಾರೂ "ಭಲೇ" ಎನ್ನಲಿಲ್ಲ. ಎನ್ನುವಂಥದು ಅಲ್ಲಿ ಏನೂ ಕಾಣುತ್ತಿರಲಿಲ್ಲ. ಒಂದು ಸುಲಭದ ಚೆಂಡು, ಅದರ ಮೇಲೆ ಇನ್ನೊಂದು ಸುಲಭದ ಚೆಂಡು, ಕೊನೆಗೆ ಕರಿಯದೂ ಸುಲಭದ್ದೇ. ಇವರಿಗೆ ಯಾವಾಗಲೂ ಸುಲಭದವೇ ಸಿಕ್ಕುತ್ತವೆ, ತನಗೆ ಮಾತ್ರ ಕಷ್ಟದವು ಉಳಿಯುತ್ತವೆ, ಇದು ಅದೃಷ್ಟವಲ್ಲದೆ ಮತ್ತೇನು ಎಂದು ತರುಣನು ನಂಬಿದ್ದನು. ಎರಡು ವರ್ಷ ಹೀಗೆಯೇ ಕಳೆಯಿತು. ಕ್ಲಬ್ಬಿನ ಕೋಲು ಡೊಂಕೆಂದನು. ದೀಪದ ನೆರಳು ಬೀಳುತ್ತದೆಂದನು. ಬಟ್ಟೆ ಸವೆದಿದೆ ಎಂದನು. ತಿಂಗಳ ಸಂಬಳದ ಅರ್ಧವನ್ನು ಕೊಟ್ಟು ಸ್ವಂತದ ಕೋಲನ್ನು ಕೊಂಡು ತಂದು, ಅದರಿಂದಲೂ ಸೋತನು. ಸೋಲಿಗಿಂತ ಹೆಚ್ಚಾಗಿ ಅವನನ್ನು ಕೊರೆದದ್ದು ಬೇರೊಂದು ಸಂದೇಹ. ಶಾಲೆಯಲ್ಲಿ ಓಟದಲ್ಲಿ ಅರ್ಧ ದೂರ ಮುಂದಿದ್ದು ಕೊನೆಗೆ ಹಿಂದೆ ಬಿದ್ದವನು. ಸಂಗೀತ ಕಲಿಯಲು ಹೋಗಿ ಆರು ತಿಂಗಳಿಗೆ ಬಿಟ್ಟವನು. ಯಾವುದರಲ್ಲೂ ಒಂದು ಮಟ್ಟಕ್ಕೆ ಬಂದು ಅಲ್ಲಿಯೇ ನಿಲ್ಲುವುದು ತನ್ನ ಹಣೆಬರಹವೇ ಎಂಬ ಸಂದೇಹ.

ಕೋಲನ್ನು ಮಾರಿಬಿಡುವೆನೆಂದು ಅವನು ಮೊದಲು ಹೇಳಿದ್ದು ಕ್ಲಬ್ಬಿನ ಮಾರ್ಕರನಿಗೆ. ಅಂಕ ಗುರುತು ಹಾಕುವುದು, ಬಟ್ಟೆಗೆ ಬ್ರಷ್ ಎಳೆಯುವುದು, ಜೊತೆಯಿಲ್ಲದ ಸದಸ್ಯರೊಂದಿಗೆ ಒಂದು ಆಟ ಆಡುವುದು, ಇವು ಮಾರ್ಕರನ ಕೆಲಸಗಳು. ಇಂಥ ಹಳೆಯ ಕ್ಲಬ್ಬುಗಳಲ್ಲಿ ಆಟ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಎಷ್ಟೋ ವೇಳೆ ಮಾರ್ಕರನೇ; ಅವನನ್ನು ಕೇಳುವವರು ಮಾತ್ರ ಕಡಿಮೆ. ಆ ಮುದುಕನನ್ನು ಎಲ್ಲರೂ "ತಾತ" ಎನ್ನುತ್ತಿದ್ದರು.

"ಮಾರೋದು ಇದ್ದೇ ಇದೆ, ಸ್ವಾಮಿ. ಒಂದು ಹೊಡೆತ ಹೊಡೀರಿ ನೋಡೋಣ," ಎಂದನು ತಾತ.

ಬಣ್ಣದ ಚೆಂಡುಗಳನ್ನೆಲ್ಲ ತೆಗೆದಿಟ್ಟು ಬಿಳಿಯದೊಂದನ್ನೇ ಮೇಜಿನ ಈ ತುದಿಯಲ್ಲಿ, ಅಗಲದ ನಡುಬಿಂದುವಿನ ಮೇಲೆ ಇಟ್ಟನು. ನೇರವಾಗಿ ಎದುರಿನ ಕುಶನ್ನಿಗೆ ಹೊಡೆಯಬೇಕು. ಅದು ಬಂದ ದಾರಿಯಲ್ಲೇ ಹಿಂದಿರುಗಿ ಕೋಲಿನ ತುದಿಯನ್ನು ಮುಟ್ಟಬೇಕು. ಅಷ್ಟೆ. ತರುಣನಿಗೆ ನಗು ಬಂದಿತು. ಹೊಡೆದನು, ಚೆಂಡು ಅರ್ಧ ಗೇಣು ಬಲಕ್ಕೆ ಬಂದಿತು. ಮತ್ತೆ ಹೊಡೆದನು, ಮತ್ತೆ ಬಲಕ್ಕೆ. ಹತ್ತು ಸಲ ಹೊಡೆದರೂ ಒಮ್ಮೆಯೂ ಕೋಲನ್ನು ಮುಟ್ಟಲಿಲ್ಲ. ಬೆವರೊರೆಸಿಕೊಂಡು ನಿಂತಾಗ ತಾತ ಹೇಳಿದನು: "ಎರಡು ವರ್ಷ ಆಡಿದೆ ಅಂತೀರಿ, ಸ್ವಾಮಿ. ನಾ ಕಂಡ ಹಾಗೆ ಒಂದು ದಿನದ ಆಟಾನ ಎರಡು ವರ್ಷ ಆಡಿದ್ದೀರಿ."

ಮಾತು ಕಟುವಾದರೂ ಲೆಕ್ಕ ಸರಿಯಾಗಿತ್ತು. ಅವನ ಕೋಲು ಚೆಂಡಿನ ನಡುವಿಗೆ ತಗಲುತ್ತಿರಲಿಲ್ಲ. ಗೋಧಿಯ ಕಾಳೊಂದರ ಅಗಲದಷ್ಟು ಪಕ್ಕಕ್ಕೆ ತಗಲುತ್ತಿತ್ತು. ಪಕ್ಕಕ್ಕೆ ತಗಲಿದ ಚೆಂಡು ಬುಗುರಿಯಂತೆ ಸುತ್ತುತ್ತ ಹೋಗುತ್ತದೆ. ಕುಶನ್ನಿಗೆ ತಾಗಿದೊಡನೆ ಆ ಸುತ್ತು ಅದನ್ನು ಓರೆಯಾಗಿ ದೂಡುತ್ತದೆ. ಹಾಗಾದರೆ ಇಷ್ಟು ದಿನ ಚೆಂಡುಗಳು ಬಿದ್ದದ್ದು ಹೇಗೆ? ಕೈ ಬಲಕ್ಕೆ ಹೋಗುತ್ತದೆಂಬುದನ್ನು ಅವನಿಗೆ ತಿಳಿಯದೆಯೇ ಅವನ ಕಣ್ಣು ಅರಿತುಕೊಂಡು, ಗುರಿಯನ್ನು ತುಸು ಎಡಕ್ಕೆ ಇಡುತ್ತಿತ್ತು. ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚುತ್ತಿತ್ತು. ಮನಸ್ಸು ಹಗುರವಾಗಿದ್ದ ದಿನ ಎರಡು ತಪ್ಪುಗಳೂ ಸಮನಾಗಿ ಚೆಂಡು ಬೀಳುತ್ತಿತ್ತು. ಪಂದ್ಯದ ಕಡೆಯ ಚೆಂಡಿನ ಮುಂದೆ ಎದೆ ಬಡಿದುಕೊಳ್ಳುವಾಗ ಒಂದು ತಪ್ಪು ಹೆಚ್ಚಾಗಿ ಇನ್ನೊಂದು ಕಡಿಮೆಯಾಗಿ ಗುರಿ ತಪ್ಪುತ್ತಿತ್ತು. ಅಭ್ಯಾಸದಿಂದ ಆಟ ಬೆಳೆಯುತ್ತದೆಂಬುದು ಅರ್ಧ ಸತ್ಯ. ಅಭ್ಯಾಸವು ಇರುವುದನ್ನು ಗಟ್ಟಿಮಾಡುತ್ತದೆ. ಇದ್ದದ್ದು ಡೊಂಕಾದರೆ ಡೊಂಕೇ ಗಟ್ಟಿಯಾಗುತ್ತದೆ.

ತಾತ ಅವನ ನಿಲುವನ್ನು ಬುಡದಿಂದ ತಿದ್ದಿದನು. ಕಾಲುಗಳು ಅಲುಗಾಡದಂತೆ ನೆಲ ಹಿಡಿಯಬೇಕು. ಮುಂಗೈ ಮೇಜಿನ ಮೇಲೆ ಸೇತುವೆಯಂತೆ ಭದ್ರವಾಗಿರಬೇಕು. ಗಲ್ಲ ಕೋಲಿನ ಮೇಲೆ ಬರುವಷ್ಟು ಬಾಗಬೇಕು. ಹಿಂದಿನ ಮೊಳಕೈ ಅಲುಗದೆ, ಅದರ ಕೆಳಗಿನ ತೋಳು ಮಾತ್ರ ಗಡಿಯಾರದ ಲೋಲಕದಂತೆ ತೂಗಬೇಕು. ಹಿಡಿತ ಹೇಗಿರಬೇಕು? ಹಾಲು ತುಂಬಿದ ಲೋಟವನ್ನು ಮಗುವಿನ ಕೈಯಿಂದ ತೆಗೆದುಕೊಳ್ಳುವಾಗ ಹಿಡಿಯುವಷ್ಟು. ಹೊಡೆಯುವ ಮೊದಲು ಒಂದು ಉಸಿರಿನ ತಡೆ. ಹೊಡೆದ ಮೇಲೂ ಕೋಲು ಮುಂದೆ ಸಾಗಿ ನಿಲ್ಲಬೇಕೇ ಹೊರತು ಬೆಚ್ಚಿದಂತೆ ಹಿಂದಕ್ಕೆ ಬರಬಾರದು. ಚೆಂಡು ಬಿತ್ತೇ ಎಂದು ನೋಡಲು ತಲೆಯೆತ್ತುವುದಂತೂ ಕೂಡದು. ತರುಣನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಈ ಕೊನೆಯದು.

ಕೈ ನೇರವಾದಂತೆ ಆಟ ಮೇಲೇರಿತೆಂದು ಭಾವಿಸಬಾರದು. ಆದದ್ದು ಅದಕ್ಕೆ ತದ್ವಿರುದ್ಧ. ಕೈಯ ತಪ್ಪು ಹೋಯಿತು. ಕಣ್ಣಿನ ತಪ್ಪು ಉಳಿಯಿತು. ಮೊದಲು ಕಣ್ಣುಮುಚ್ಚಿ ಹೊಡೆಯುತ್ತಿದ್ದ ಚೆಂಡುಗಳೂ ಈಗ ಪಾಕೆಟ್ಟಿನ ಬಾಯಿಗೆ ತಾಗಿ ಹೊರಬಂದವು. ಅವನು ಹಿಂದೆ ಸೋಲಿಸುತ್ತಿದ್ದ ಕಾಲೇಜು ಹುಡುಗರೂ ಅವನನ್ನು ಸೋಲಿಸಿದರು. ಕಾಫಿಯ ಮೇಜಿನಿಂದ "ಭಲೇ" ನಿಂತುಹೋಗಿ, "ಇವರಿಗೇನಾಯಿತು?" ಎಂಬ ಪಿಸುಮಾತು ಕೇಳಿಬಂದಿತು. ಹಳೆಯ ಡೊಂಕು ಹೊಡೆತವನ್ನು ಹೊಡೆದರೆ ಇವರ ಬಾಯಿ ಮುಚ್ಚಿಸಬಹುದು ಎಂದು ಪ್ರತಿ ಸಂಜೆಯೂ ಅವನಿಗೆ ಅನ್ನಿಸುತ್ತಿತ್ತು. ಹಾಗೆ ಹೊಡೆಯದೆ ಇದ್ದದ್ದೇ ಆ ಮೂರು ತಿಂಗಳ ಸಾಧನೆ. ಮಿಕ್ಕದ್ದೆಲ್ಲ ಅದಕ್ಕಿಂತ ಸುಲಭವಾಗಿತ್ತು ಎನ್ನಬೇಕು.

ಚೆಂಡಿನ ನಡುವಿಗೆ ಹೊಡೆಯಲು ಬಂದ ಮೇಲೆಯೇ ನಡುವನ್ನು ಬಿಟ್ಟು ಹೊಡೆಯುವ ವಿದ್ಯೆ. ಇದರ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. ಬಹುಕಾಲ ಕೋಲಿನ ತುದಿ ಬರಿಯ ಮರದ್ದಾಗಿತ್ತು. ನಡುವನ್ನು ಬಿಟ್ಟು ಹೊಡೆದರೆ ಜಾರುತ್ತಿತ್ತು. 19ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮಿಂಗೋ ಎಂಬ ಸೈನ್ಯಾಧಿಕಾರಿಯು ಕೋಲಿನ ತುದಿಗೆ ತೊಗಲಿನ ಬಿಲ್ಲೆಯನ್ನು ಅಂಟಿಸುವುದನ್ನು ಬಳಕೆಗೆ ತಂದನು. ಸೆರೆಮನೆಯಲ್ಲಿದ್ದಾಗ ಅಲ್ಲಿನ ಮೇಜಿನ ಮೇಲೆ ಪ್ರಯೋಗ ನಡೆಸಿ ಅವನು ಇದನ್ನು ಕಂಡುಕೊಂಡನೆಂದು ಹೇಳುತ್ತಾರೆ. ತೊಗಲು ಚೆಂಡನ್ನು ಕ್ಷಣಕಾಲ ಕಚ್ಚಿ ಹಿಡಿಯುತ್ತದೆ. ಆ ಹಿಡಿತ ಹೆಚ್ಚಲೆಂದೇ ಆಟಗಾರರು ತುದಿಗೆ ನೀಲಿಯ ಚಾಕ್ ತಿಕ್ಕುವುದು. ಹೆಸರು ಸೀಮೆಸುಣ್ಣದ್ದಾದರೂ ಇಂದಿನ ಆ ಪುಡಿಯ ಬಹುಭಾಗ ಮರಳಿನ ಜಾತಿಯದು. ಈಗ ಬಿಳಿಯ ಚೆಂಡಿನ ನಡುವಿಗಿಂತ ಮೇಲೆ ಹೊಡೆದರೆ ಅದು ಬಣ್ಣದ ಚೆಂಡಿಗೆ ಬಡಿದ ಮೇಲೂ ಮುಂದೆ ಉರುಳುತ್ತದೆ. ಕೆಳಗೆ ಹೊಡೆದರೆ ಕರೆದಂತೆ ಹಿಂದಕ್ಕೆ ಬರುತ್ತದೆ.

ಇವೆರಡರ ನಡುವೆ ನಿಲ್ಲುವ ಹೊಡೆತವೊಂದಿದೆ. ಬಿಳಿಯ ಚೆಂಡು ಉರುಳದೆ ಜಾರುತ್ತ ಬಂದು, ಬಣ್ಣದ ಚೆಂಡಿಗೆ ನಟ್ಟನಡುವೆ ನೇರವಾಗಿ ಬಡಿದರೆ, ಬಂದದ್ದು ಅಲ್ಲಿಯೇ ನಿಲ್ಲುತ್ತದೆ, ನಿಂತದ್ದು ಹೊರಡುತ್ತದೆ. ಓರೆಯಾಗಿ ಬಡಿದರೆ ಎರಡೂ ಹೆಚ್ಚುಕಡಿಮೆ ಲಂಬಕೋನದಲ್ಲಿ ಅಗಲುತ್ತವೆ. ವಿಜ್ಞಾನದ ಪಾಠದಲ್ಲಿ ಬರುವ ಸಂವೇಗದ ನಿಯಮ ಇಲ್ಲಿ ಹಸಿರು ಬಟ್ಟೆಯ ಮೇಲೆ ಕಣ್ಣಿಗೇ ಕಾಣುತ್ತದೆ. 1835ರಲ್ಲಿ ಕೊರಿಯೊಲಿಸ್ ಎಂಬ ಫ್ರೆಂಚ್ ಗಣಿತಜ್ಞರು ಬಿಲಿಯರ್ಡ್ಸ್ ಚೆಂಡುಗಳ ಚಲನೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ತಾತ ಆ ಹೆಸರನ್ನು ಕೇಳಿದವನಲ್ಲ. ಆದರೆ ಚೆಂಡು ಹೊರಡುವ ಮೊದಲೇ, ಅದು ಬಂದು ನಿಲ್ಲುವ ಜಾಗದಲ್ಲಿ ಒಂದು ಸಣ್ಣ ಕಾಗದದ ಚೂರನ್ನಿಟ್ಟು, "ಇದರ ಮೇಲೆ ಕೂರಿಸಿ, ಸ್ವಾಮಿ," ಎನ್ನುತ್ತಿದ್ದನು.

ಕಾಗದದ ಚೂರು ಬಂದ ದಿನದಿಂದ ಆಟದ ಅರ್ಥವೇ ಬೇರೆಯಾಯಿತು. ಓವರ್‌ಸಿಯರರಿಗೆ ಸುಲಭದ ಚೆಂಡುಗಳೇ ಏಕೆ ಸಿಕ್ಕುತ್ತಿದ್ದವೆಂಬುದು ಆಗ ತರುಣನಿಗೆ ಹೊಳೆಯಿತು. ಅವು ಸಿಕ್ಕಿದವಲ್ಲ, ಮಾಡಿಕೊಂಡವು. ಅವರು ಮೊದಲ ಚೆಂಡನ್ನು ಹೊಡೆಯುವ ಮುನ್ನವೇ ಕೊನೆಯ ಕರಿಯ ಚೆಂಡನ್ನು ನೋಡುತ್ತಿದ್ದರು: ಅದು ಬೀಳಬೇಕಾದರೆ ಬಿಳಿಯದು ಎಲ್ಲಿರಬೇಕು? ಅಲ್ಲಿಗೆ ಬರಬೇಕಾದರೆ ಅದರ ಹಿಂದಿನ ಚೆಂಡು ಯಾವುದಾಗಬೇಕು? ಹೀಗೆ ಕೊನೆಯಿಂದ ಮೊದಲಿಗೆ ಎಣಿಸುತ್ತ ಬಂದು, ಆಮೇಲೆ ಮೊದಲಿನಿಂದ ಕೊನೆಗೆ ಹೊಡೆಯುತ್ತಿದ್ದರು. ದಾರಿ ಕಾಣದಿದ್ದಾಗ, ಬೀಳುವಂತಿದ್ದ ಚೆಂಡನ್ನೂ ಬಿಟ್ಟು, ಬಿಳಿಯದನ್ನು ಎದುರಾಳಿಗೆ ಕಷ್ಟವಾಗುವ ಕಡೆ ಮೆಲ್ಲಗೆ ಅಡಗಿಸಿ ಕುರ್ಚಿಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಇದನ್ನು ತರುಣನು ಎರಡು ವರ್ಷ ಪುಕ್ಕಲುತನವೆಂದು ತಿಳಿದಿದ್ದನು!

ಬಿಡುವಿನ ವೇಳೆಯಲ್ಲಿ ಅವನು ಈ ಆಟದ ದೊಡ್ಡವರ ವಿಷಯವನ್ನು ಹುಡುಕಿ ಓದಿದನು. ಅವರಲ್ಲಿ ಅವನ ಮನಸ್ಸನ್ನು ಹಿಡಿದವರು ಫಿಲಿಪ್ಪೀನ್ಸಿನ ಎಫ್ರೆನ್ ರೆಯೆಸ್. 1954ರಲ್ಲಿ ಪಂಪಾಂಗಾ ಪ್ರಾಂತದಲ್ಲಿ ಹುಟ್ಟಿದ ರೆಯೆಸ್, ಐದು ವರ್ಷದ ಬಾಲಕನಾಗಿ ಮನಿಲಾದಲ್ಲಿ ಪೂಲ್ ಅಂಗಡಿ ನಡೆಸುತ್ತಿದ್ದ ತಮ್ಮ ಬಂಧುವಿನ ಮನೆಗೆ ಬಂದರು. ಹಗಲು ಅಂಗಡಿಯ ಚಾಕರಿ. ರಾತ್ರಿ ಗಿರಾಕಿಗಳು ಹೋದ ಮೇಲೆ ಪೂಲ್ ಮೇಜೇ ಹಾಸಿಗೆ. ಮೇಜು ಎಟುಕದ ಬಾಲಕನು ತಂಪು ಪಾನೀಯದ ಪೆಟ್ಟಿಗೆಗಳ ಮೇಲೆ ನಿಂತು ಆಡಿದನು. ಆಡುವುದಕ್ಕಿಂತ ಮೊದಲು, ಮತ್ತು ಅದಕ್ಕಿಂತ ಹೆಚ್ಚಾಗಿ, ನೋಡಿದನು. ಅಲ್ಲಿನ ಆಟ ನಡೆಯುತ್ತಿದ್ದುದು ಪಣದ ಮೇಲೆ. ರೆಯೆಸರೂ ಹಣಕ್ಕಾಗಿ ಆಡಿಯೇ ಬೆಳೆದವರು. ಅದನ್ನು ಮುಚ್ಚಿಡಬೇಕಾಗಿಲ್ಲ, ಹಾಗೆ ಆಡಿ ಮನೆ ಕಳೆದುಕೊಂಡವರ ಹೆಸರು ಯಾರಿಗೂ ನೆನಪಿಲ್ಲವೆಂಬುದನ್ನೂ ಮರೆಯಬೇಕಾಗಿಲ್ಲ. 1985ರಲ್ಲಿ ಅವರು ಅಮೆರಿಕಕ್ಕೆ ಹೋದಾಗ, ಖ್ಯಾತಿ ಮುಂದಾಗಿಯೇ ತಲಪಿದ್ದುದರಿಂದ ಬೇರೊಂದು ಹೆಸರಿನಲ್ಲಿ ಆಡಿದರು. 1994ರಲ್ಲಿ ಅಮೆರಿಕದ ಓಪನ್ ಪಂದ್ಯಾವಳಿಯನ್ನು ಗೆದ್ದ ಮೊದಲ ಹೊರದೇಶದವರಾದರು. 1996ರಲ್ಲಿ ಹಾಂಗ್‌ಕಾಂಗಿನಲ್ಲಿ ಅರ್ಲ್ ಸ್ಟ್ರಿಕ್‌ಲೆಂಡ್ ಅವರೊಡನೆ ಮೂರು ದಿನ ನಡೆದ ಪಂದ್ಯದಲ್ಲಿ 120 ಆಟಗಳನ್ನು ಮೊದಲು ಗೆಲ್ಲಬೇಕಾಗಿತ್ತು. ರೆಯೆಸ್ 120-117ರಿಂದ ಗೆದ್ದರು. 1999ರಲ್ಲಿ ಕಾರ್ಡಿಫ್ ನಗರದಲ್ಲಿ ವಿಶ್ವ ಚಾಂಪಿಯನ್ ಪಟ್ಟ ಪಡೆದರು.

ಅವರನ್ನು ಜನ ಮಾಂತ್ರಿಕನೆಂದು ಕರೆದರು. ಎದುರಾಳಿ ಬಿಳಿಯ ಚೆಂಡನ್ನು ಎಲ್ಲಿ ಅಡಗಿಸಿದರೂ, ಒಂದು ಕುಶನ್ನಿಗೆ, ಅಲ್ಲಿಂದ ಇನ್ನೊಂದಕ್ಕೆ ತಾಗಿಸಿ ಬೇಕಾದ ಚೆಂಡನ್ನು ಮುಟ್ಟಿಸುತ್ತಿದ್ದುದನ್ನು ಕಂಡವರಿಗೆ ಬೇರೆ ಮಾತು ತೋಚಿರಲಾರದು. ಆದರೆ ಪೆಟ್ಟಿಗೆಯ ಮೇಲೆ ನಿಂತು ಚೆಂಡುಗಳು ಯಾವ ಕೋನದಲ್ಲಿ ಹೋಗಿ ಯಾವ ಕೋನದಲ್ಲಿ ಬರುತ್ತವೆಂದು ವರ್ಷಗಟ್ಟಲೆ ನೋಡಿದ ಬಾಲಕನನ್ನು ಬಲ್ಲವರಿಗೆ ಅದರಲ್ಲಿ ಮಂತ್ರ ಕಡಿಮೆ, ಲೆಕ್ಕ ಹೆಚ್ಚು ಎಂದು ತೋರುತ್ತದೆ.

ಐದನೆಯ ವಯಸ್ಸಿಗೆ ಆರಂಭಿಸಿದವರ ಕಥೆ ಇಪ್ಪತ್ತೈದು ದಾಟಿದವನಿಗೆ ಸಮಾಧಾನ ಕೊಡಲಾರದು. ತರುಣನು ತಾತನೊಡನೆ ಅದನ್ನೇ ಹೇಳಿಕೊಂಡನು. ತಾತ ಬೆಂಗಳೂರಿನ ಆರ್. ಉಮಾದೇವಿಯವರ ಹೆಸರನ್ನೆತ್ತಿದನು. ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚಿನ ಕೆಲಸದಲ್ಲಿದ್ದ ಈ ಮಹಿಳೆ ಸಂಜೆ ಕ್ಲಬ್ಬಿಗೆ ಹೋಗುತ್ತಿದ್ದುದು ಟೇಬಲ್ ಟೆನಿಸ್ ಆಡಲು. ಆ ಮೇಜು ಬಿಡುವಾಗುವವರೆಗೆ ಕಾಯಬೇಕಾಗಿ ಬಂದಾಗ ಪಕ್ಕದ ಬಿಲಿಯರ್ಡ್ಸ್ ಮೇಜಿನತ್ತ ತಿರುಗಿದರು. ಆಗ ಅವರ ವಯಸ್ಸು ಮೂವತ್ತರ ಹತ್ತಿರ. ಮನೆ, ಕಚೇರಿ ಎರಡನ್ನೂ ನಡೆಸಿಕೊಂಡು ಕಲಿತು, 2012ರಲ್ಲಿ ಅವರು ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. "ಅವರು ಹೊತ್ತಾಯಿತು ಅಂತ ಎಣಿಸ್ತಾ ಕೂತಿದ್ದರೆ ಟೇಬಲ್ ಟೆನಿಸ್‌ಗೆ ಕಾಯ್ತಾನೇ ಇರಬೇಕಿತ್ತು, ಸ್ವಾಮಿ," ಎಂದು ತಾತ ಚಾಕ್ ಪುಡಿಯನ್ನು ಕೈಯಿಂದ ಕೊಡವಿಕೊಂಡನು.

ಮಳೆಗಾಲದ ಒಂದು ಸಂಜೆ ತರುಣನೂ ಓವರ್‌ಸಿಯರರೂ ಮತ್ತೆ ಎದುರುಬದುರಾದರು. ತರುಣನ ಆರು ಚೆಂಡುಗಳು ಒಂದರ ಹಿಂದೊಂದು, ಯಾವ ಸದ್ದೂ ಇಲ್ಲದೆ ಬಿದ್ದವು. ಕಾಫಿಯ ಮೇಜಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಏಳನೆಯದು ಪಾಕೆಟ್ಟಿನ ಬಾಯಲ್ಲೇ ಇತ್ತು. ಅದನ್ನು ಬೀಳಿಸಿ ಬಿಳಿಯದನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರೆ ಕರಿಯ ಚೆಂಡಿಗೆ ದಾರಿ ತೆರೆಯುತ್ತಿತ್ತು. ಅವನು ಬಾಗಿದನು, ತಡೆದನು, ಹೊಡೆದನು. ಚೆಂಡು ಬಿದ್ದಿತು, ಬಿಳಿಯದು ಒಂದು ಗೇಣಿನ ಬದಲು ಎರಡು ಗೇಣು ಬಂದು, ಎದುರಾಳಿಯ ಚೆಂಡಿನ ಮರೆಯಲ್ಲಿ ನಿಂತಿತು. ಕರಿಯದು ಕಾಣದಾಯಿತು. ಮುಂದಿನ ಸರದಿಯಲ್ಲಿ ಓವರ್‌ಸಿಯರರು ಆಟವನ್ನು ಮುಗಿಸಿದರು. ಕೈ ಕುಲುಕುವಾಗ ಮೊದಲ ಬಾರಿಗೆ ಅವರು, "ಆ ಏಳನೆಯ ಚೆಂಡು..." ಎಂದರು. "ಹೌದು ಸಾರ್, ತೀರ ಕೆಳಗೆ ಹೊಡೆದೆ," ಎಂದನು ತರುಣ.

ಎಲ್ಲರೂ ಕೊಡೆ ಬಿಚ್ಚಿ ಹೊರಟುಹೋದರು. ತಾತ ಮೇಜಿನ ಮೇಲಿನ ದೀಪವನ್ನು ಆರಿಸಿ, ಹೊದಿಕೆಯ ಬಟ್ಟೆಯನ್ನು ತರಲು ಒಳಗೆ ಹೋದನು. ಹಿಂದಿರುಗಿ ಬಂದಾಗ ತರುಣನು ಬಾಗಿಲಿನಿಂದ ಬರುತ್ತಿದ್ದ ಅರೆಬೆಳಕಿನಲ್ಲಿ ಒಂದು ಬಣ್ಣದ ಚೆಂಡನ್ನು ಪಾಕೆಟ್ಟಿನ ಬಾಯಲ್ಲಿಟ್ಟು, ಬಿಳಿಯದನ್ನು ಅದರ ಹಿಂದಿಟ್ಟು, ಒಂದು ಗೇಣು ಅಳೆದು ಕಾಗದದ ಚೂರನ್ನು ಇಡುತ್ತಿದ್ದನು. ತಾತ ಹೊದಿಕೆಯನ್ನು ಕುರ್ಚಿಯ ಮೇಲೆ ಹಾಕಿ, ದೀಪವನ್ನು ಮತ್ತೆ ಹಚ್ಚಿದನು.